ಸೀಟಿನ ಎತ್ತರ ಮೊದಲು, ತೂಕ ಆಮೇಲೆ

ದಪ್ಪಗಿರುವವರು ಸೈಕಲ್ ತೆಗೆದುಕೊಂಡು, ನಾಲ್ಕು ದಿನ ತುಳಿದು ಬಿಟ್ಟುಬಿಟ್ಟರೆ ಸುತ್ತಲಿನವರು ಹೇಳುವುದು ಒಂದೇ ಮಾತು. ಮನಸ್ಸು ಗಟ್ಟಿ ಇರಲಿಲ್ಲ ಅಂತ. ಬಿಟ್ಟವರೂ ಅದನ್ನೇ ನಂಬಿಕೊಂಡು ಸುಮ್ಮನಾಗುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಮಂಡಿ ನೋವು, ಕೂರುವ ಜಾಗದ ಉರಿ, ಅಂಗೈ ಜುಮ್ ಅನ್ನುವುದು, ಮೇಲಿಂದ ಮೇಲೆ ಪಂಕ್ಚರ್, ಸಣ್ಣ ಏರು ಬಂದರೂ ಏದುಸಿರು. ಜನ ಸೈಕಲ್ ಬಿಡುವುದು ಇವುಗಳ ಕಾಟಕ್ಕೆ. ಇವುಗಳಲ್ಲಿ ಹೆಚ್ಚಿನವಕ್ಕೆ ಮದ್ದು ಇರುವುದು ಒಂದು ಸ್ಪ್ಯಾನರ್‌ನಲ್ಲಿ, ಒಂದು ಪಂಪಿನಲ್ಲಿ, ಸರಿಯಾದ ಒಂದು ಚಡ್ಡಿಯಲ್ಲಿ. ಅದನ್ನು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟೋ ಜನರ ಸೈಕಲ್ ಇವತ್ತು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿರಲಿಲ್ಲ.

ನಾನು ಮೈಸೂರಿನವಳು. ವಯಸ್ಸು ನಲವತ್ತೈದು ದಾಟಿದೆ. ಸೈಕಲ್ ಕೊಂಡಾಗ ನನ್ನ ತೂಕ 96 ಕೆಜಿ. ಬಿಪಿಗೆ ಮಾತ್ರೆ ನಡೆಯುತ್ತಿತ್ತು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿತ್ತು. ವಾಕಿಂಗ್ ಮಾಡಿ ಅಂದಿದ್ದರು ಡಾಕ್ಟರು. ಮಾಡಿದೆ. ಅರ್ಧ ಗಂಟೆ ನಡೆದು ಬಂದರೆ ರಾತ್ರಿ ಮಂಡಿಗೆ ಬಿಸಿನೀರಿನ ಬ್ಯಾಗ್ ಬೇಕಾಗುತ್ತಿತ್ತು. ಹೋಗಿ ಹೇಳಿದಾಗ ಅವರು ಇಸಿಜಿ ಮಾಡಿಸಿ, ಬಿಪಿ ನೋಡಿ, "ಹಾಗಾದ್ರೆ ಸೈಕಲ್ ತುಳೀರಿ, ಮಂಡಿಗೆ ಭಾರ ಕಮ್ಮಿ" ಅಂದರು.

ಅದು ಸುಮ್ನೆ ಹೇಳಿದ ಮಾತಲ್ಲ. ಮಂಡಿ ಕೀಲು ಬದಲಿಸುವ ಆಪರೇಷನ್ ಮಾಡುವಾಗ ಹೊಸ ಕೀಲಿನ ಒಳಗೇ ಸೆನ್ಸರ್ ಇಟ್ಟು, ಆಮೇಲೆ ಅವರು ಓಡಾಡುವಾಗ ಅಳೆದು ನೋಡಿದ್ದಾರೆ. ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಹೊರೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಹಗುರವಾಗಿ ಸೈಕಲ್ ತುಳಿಯುವಾಗ ಹೆಚ್ಚುಕಡಿಮೆ ಒಂದು ಪಟ್ಟು, ಸ್ವಲ್ಪ ಆಚೀಚೆ. ನಡೆಯುವಾಗ ಇಡೀ ಮೈಯನ್ನು ಹೊರುವುದು ಕಾಲು. ಸೈಕಲ್ಲಿನಲ್ಲಿ ಅದನ್ನು ಸೀಟು ಹೊರುತ್ತದೆ. 96 ಕೆಜಿಯ ಹೆಂಗಸಿಗೆ ಈ ಲೆಕ್ಕ ತುಂಬಾ ದೊಡ್ಡದು.

ಮೊದಲು ಹತ್ತಿದ್ದು ನಮ್ಮೂರಿನ ಬಾಡಿಗೆ ಸೈಕಲ್, ಟ್ರಿಣ್ ಟ್ರಿಣ್. 2017ರ ಜೂನ್‌ನಲ್ಲಿ ಅದು ಶುರುವಾದಾಗ 450 ಸೈಕಲ್‌ಗಳಿದ್ದವು, ಅರಮನೆ, ರೈಲ್ವೆ ನಿಲ್ದಾಣದ ಸುತ್ತಮುತ್ತ ಸಾಲಾಗಿ ನಿಂತಿರುತ್ತಿದ್ದವು. ಸ್ಕೂಲಿನ ದಿನಗಳ ನಂತರ ಸೈಕಲ್ ಮುಟ್ಟಿರಲಿಲ್ಲ. ಹತ್ತಿದ ಮೇಲೆ ಕೈಕಾಲು ತಾವೇ ನೆನಪು ಮಾಡಿಕೊಂಡವು. ದುಡ್ಡು ಹಾಕುವ ಮುಂಚೆ ಹೀಗೆ ಬಾಡಿಗೆಯದ್ದೋ, ಮನೆಯ ಮಕ್ಕಳದ್ದೋ ಒಂದು ಸೈಕಲ್ ಹತ್ತಿ ನೋಡುವುದು ಒಳ್ಳೆಯದು. ಕೂತು ಹೋಗುವ ಖುಷಿ ಮೈಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

ಅಂಗಡಿಗೆ ಹೋದಾಗ ಅಲ್ಲಿದ್ದ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದವನಿಗೆ "ಇವ್ರಿಗೆ ಗಟ್ಟಿಯಿರೋದು ತೋರ್ಸೋ" ಅಂತ ಕೂಗಿದ. ಅಲ್ಲಿದ್ದವರು ನಕ್ಕರು. ಬೇಜಾರಾಯಿತು. ಇನ್ನೊಂದು ಅಂಗಡಿಗೆ ಹೋದೆ. ಗಟ್ಟಿ ಸೈಕಲ್ ಬೇಕು ಅನ್ನುವುದು ಮಾತ್ರ ನಿಜ, ಅದನ್ನು ನಾವೇ ನಾಚಿಕೆಯಿಲ್ಲದೆ ಕೇಳಬೇಕು. ಒಂದು ಸೈಕಲ್ ಎಷ್ಟು ತೂಕ ತಡೆಯುತ್ತದೆ ಅಂತ ಕಂಪನಿಯವರು ಜೊತೆಗೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ 100ರಿಂದ 120 ಕೆಜಿ. ನಮ್ಮ ತೂಕದ ಜೊತೆ ಬ್ಯಾಗು, ನೀರಿನ ಬಾಟಲಿ ಎಲ್ಲವನ್ನೂ ಸೇರಿಸಿ ನೋಡಿಕೊಳ್ಳಬೇಕು. ಭಾರದಲ್ಲಿ ಹೆಚ್ಚಿನ ಪಾಲು ಬೀಳುವುದು ಹಿಂದಿನ ಚಕ್ರಕ್ಕೆ. ಹಾಗಾಗಿ ಹಿಂದಿನ ಚಕ್ರದ ಕಡ್ಡಿ ಎಣಿಸಿ. ಮೂವತ್ತಾರು ಇದ್ದರೆ ನಿಶ್ಚಿಂತೆ. ರಿಮ್ ಡಬಲ್ ವಾಲ್, ಅಂದರೆ ಎರಡು ಪದರದ್ದು, ಇರಲಿ. ಟೈರ್ ಅಗಲ ಇರಲಿ, 38 ಮಿಲಿಮೀಟರ್ ಅಥವಾ ಜಾಸ್ತಿ. ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಮುಂದೆ ಹಾಕಿರುವ ಸ್ಪ್ರಿಂಗಿನ ಶಾಕ್ ನೋಡಲು ಚೆಂದ, ಆದರೆ ನಮ್ಮ ಭಾರಕ್ಕೆ ಪ್ರತಿ ಸಲ ಕುಗ್ಗಿ ಏಳುತ್ತಾ ನಾವು ಹಾಕಿದ ಶಕ್ತಿಯನ್ನು ತಾನೇ ನುಂಗುತ್ತದೆ. ನಾನು ಕೊಂಡದ್ದು ಸ್ಟೀಲಿನ ಫ್ರೇಮಿನ, ಅಡ್ಡಪಟ್ಟಿ ಕೆಳಗಿರುವ, 21 ಗೇರಿನ ಸೈಕಲ್. ಕಾಲೆತ್ತಿ ಹಿಂದಿನಿಂದ ಹತ್ತುವ ಕಷ್ಟ ಇಲ್ಲದಿರುವುದು ದೊಡ್ಡ ಉಪಕಾರ.

ಆದರೂ ಮೊದಲ ವಾರವೇ ಮಂಡಿ ನೋವು ಬಂತು. ಮಂಡಿಯ ಮುಂಭಾಗದಲ್ಲಿ, ಚಿಪ್ಪಿನ ಸುತ್ತ. ಮಂಡಿಗೆ ಒಳ್ಳೆಯದು ಅಂತಲೇ ಸೈಕಲ್ ತಂದವಳಿಗೆ ಹೇಗಾಗಿರಬೇಡ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಸೈಕಲ್ ರಿಪೇರಿ ಮಾಡುತ್ತಾರೆ. ಅರಳಿ ಮರದ ಕೆಳಗೆ ಒಂದು ಪೆಟ್ಟಿಗೆ, ಒಂದು ಬೋಗುಣಿ ನೀರು, ತಂತಿಗೆ ನೇತು ಹಾಕಿದ ಹಳೆಯ ಟೈರುಗಳು. ಅರವತ್ತರ ಮೇಲಿನ ವಯಸ್ಸು. ಗಾಳಿ ಹೊಡೆಸಲು ಹೋದಾಗ ನಾನು ಹತ್ತಿ ಹೊರಡುವುದನ್ನು ನೋಡುತ್ತಿದ್ದರು. "ನಿಲ್ಲಿ ಮೇಡಂ," ಅಂದರು. "ಮಂಡಿ ನೋಯ್ತದಾ?" ನಾನು ಏನೂ ಹೇಳಿರಲಿಲ್ಲ. "ಸೀಟು ನೋಡಿ ಎಷ್ಟು ಕೆಳಗದೆ. ಕುಕ್ಕರಗಾಲಲ್ಲಿ ಕೂತು ತುಳಿದಂಗೆ ತುಳೀತಿದ್ದೀರಿ."

ಅಂಗಡಿಗಳಲ್ಲಿ ಸೀಟನ್ನು ಎರಡೂ ಪಾದ ನೆಲಕ್ಕೆ ಪೂರ್ತಿ ಊರುವ ಹಾಗೆ ಇಟ್ಟು ಕೊಡುತ್ತಾರೆ. ಹೊಸಬರಿಗೆ ಧೈರ್ಯ ಬರಲಿ ಅಂತ. ದಪ್ಪಗಿರುವವರಿಗಂತೂ ಇನ್ನೂ ಕೆಳಗೆ. ಆದರೆ ಸೀಟು ಕೆಳಗಿದ್ದಷ್ಟೂ ಮಂಡಿ ಜಾಸ್ತಿ ಮಡಚುತ್ತದೆ, ಮಡಚಿದ ಮಂಡಿಯಿಂದಲೇ ಪೂರ್ತಿ ಬಲ ಹಾಕಿ ತಳ್ಳಬೇಕಾಗುತ್ತದೆ. ಚಿಪ್ಪಿನ ಹಿಂದೆ ಒತ್ತಡ ಏರುವುದು ಆಗಲೇ. ಅವರು ನನ್ನನ್ನು ಸೈಕಲ್ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿದುಕೊಂಡು, ಹಿಮ್ಮಡಿಯನ್ನು ಪೆಡಲ್ ಮೇಲಿಡಲು ಹೇಳಿದರು. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಅದೇ ಅಳತೆ. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸಣ್ಣಗೆ ಬಗ್ಗಿರುತ್ತದೆ, ಅಷ್ಟು ಸಾಕು. ಸೀಟು ನಾಲ್ಕು ಬೆರಳು ಮೇಲೆ ಹೋಯಿತು. ಒಂದೇ ದಿನಕ್ಕೆ ಅಷ್ಟೂ ಏರಿಸಲಿಲ್ಲ, ನನಗೆ ಭಯವಾಗುತ್ತದೆ ಅಂತ ಅವರಿಗೇ ಗೊತ್ತಿತ್ತು. ಪ್ರತಿ ಸಲ ಹೋದಾಗಲೂ ಒಂದು ಬೆರಳು.

ಭಯಕ್ಕೆ ಕಾರಣ ಇದೆ. ಸೀಟು ಮೇಲೆ ಹೋದರೆ ನಿಲ್ಲಿಸಿದಾಗ ಪಾದ ನೆಲಕ್ಕೆ ಸಿಗುವುದಿಲ್ಲ. ಹಗುರ ಮೈಯವರು ವಾಲಿದರೆ ಒಂದು ಕಾಲಲ್ಲಿ ತಡೆದುಕೊಳ್ಳುತ್ತಾರೆ. ನಾವು ವಾಲಿದರೆ ಸೈಕಲ್ ಸಮೇತ ಬೀಳುತ್ತೇವೆ ಅನ್ನುವ ಅಳುಕು. ಇದಕ್ಕೆ ನಿಲ್ಲಿಸುವುದನ್ನೇ ಬೇರೆಯಾಗಿ ಕಲಿಯಬೇಕು. ಬ್ರೇಕ್ ಹಿಡಿದು ನಿಧಾನ ಮಾಡಿ, ಒಂದು ಪೆಡಲ್ ಕೆಳಗಿರುವಾಗ ಅದರ ಮೇಲೆ ನಿಂತು, ಸೀಟು ಬಿಟ್ಟು ಮುಂದಕ್ಕೆ ಇಳಿದು, ಇನ್ನೊಂದು ಕಾಲನ್ನು ನೆಲಕ್ಕೆ ಕೊಡುವುದು. ಬೆಳಗ್ಗೆ ನಮ್ಮ ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಒಳರಸ್ತೆಗಳಲ್ಲಿ ಗಾಡಿಗಳು ಕಡಿಮೆ, ಮರಗಳ ನೆರಳು ಇದೆ. ಅಲ್ಲಿ ಸೈಕಲ್ ಓಡಿಸುವುದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸುವುದನ್ನೇ ಮಾಡಿದೆ. ಒಂದೊಂದು ಮರಕ್ಕೂ ನಿಲ್ಲಿಸುವುದು, ಮತ್ತೆ ಹೊರಡುವುದು. ಟ್ರಾಫಿಕ್‌ಗೆ ಇಳಿಯುವ ಮುಂಚೆ ಇದು ಕಾಲಿಗೆ ಹತ್ತಿರಲೇಬೇಕು.

ಮಂಡಿ ಸರಿಹೋಯಿತು. ಕೂರುವ ಜಾಗದ ನೋವು ಉಳಿಯಿತು. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಹೆಂಗಸರಲ್ಲಿ ಇನ್ನೂ ಕಡಿಮೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲರೂ ಮೊದಲು ಕೊಡುವ ಸಲಹೆ, ದಪ್ಪನೆಯ ಮೆತ್ತನೆಯ ಜೆಲ್ ಸೀಟ್ ಹಾಕಿಸಿ ಅಂತ. ಹತ್ತು ನಿಮಿಷಕ್ಕೆ ಅದು ಸುಖ. ಅರ್ಧ ಗಂಟೆಗೆ ಅದೇ ಶತ್ರು. ನಮ್ಮ ಭಾರ ನಿಲ್ಲಬೇಕಾದ್ದು ಕುಳಿತಾಗ ಕೆಳಗೆ ತಾಗುವ ಎರಡು ಮೂಳೆಗಳ ಮೇಲೆ. ತೀರಾ ಮೆತ್ತಗಿರುವ ಸೀಟಿನಲ್ಲಿ ಮೂಳೆ ಒಳಗೆ ಹೂತುಹೋಗುತ್ತದೆ, ಮೆತ್ತೆ ನಡುವೆ ಉಬ್ಬಿ ಸೂಕ್ಷ್ಮ ಜಾಗವನ್ನು ಒತ್ತುತ್ತದೆ. ಮರಗಟ್ಟಿದ ಹಾಗಾಗುತ್ತದೆ. ಆ ಮೂಳೆಗಳ ನಡುವಿನ ಅಗಲ ಹೆಂಗಸರಿಗೆ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ಹಿಂಭಾಗ ಅಗಲ ಇರುವ, ಮೂತಿ ಚಿಕ್ಕದಿರುವ, ಮಧ್ಯೆ ಸೀಳು ಇರುವ, ಸ್ವಲ್ಪ ಗಟ್ಟಿಯಾದ ಸೀಟು ಬೇಕು. ಮೂತಿ ಮೇಲಕ್ಕೆ ಎದ್ದಿರಬಾರದು. ಸೀಟಿನ ಮೇಲೆ ಒಂದು ಪುಸ್ತಕ ಇಟ್ಟು ನೋಡಿದರೆ ಮಟ್ಟ ಗೊತ್ತಾಗುತ್ತದೆ. ತೀರಾ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬರುತ್ತದೆ. ಕಿರುಬೆರಳು, ಉಂಗುರದ ಬೆರಳು ಜುಮ್ ಅನ್ನುವುದು ಅದಕ್ಕೇ, ಅಂಗೈಯ ಆ ಬದಿಯಲ್ಲಿ ಹೋಗುವ ನರ ಒತ್ತಿಹೋಗಿರುತ್ತದೆ. ಹ್ಯಾಂಡಲ್ ಸ್ವಲ್ಪ ಎತ್ತರ ಮಾಡಿಸಿದ ಮೇಲೆ ನನಗೆ ಅದು ನಿಂತಿತು.

ಇನ್ನು ಬಟ್ಟೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಒಂದನ್ನು ಕೊಳ್ಳಿ, ದುಡ್ಡು ಎಣಿಸಬೇಡಿ. ಅದರ ಒಳಗೆ ಬೇರೆ ಒಳಉಡುಪು ಹಾಕಬಾರದು. ತೊಡೆಸಂದಿಯಲ್ಲಿ ತಿಕ್ಕಿ ಗಾಯ ಮಾಡುವುದು ಒಳಉಡುಪಿನ ಹೊಲಿಗೆಯೇ. ಮೇಲೆ ನಿಮ್ಮ ಚೂಡಿದಾರ್ ಪ್ಯಾಂಟೋ ಟ್ರ್ಯಾಕ್ ಪ್ಯಾಂಟೋ ಹಾಕಿಕೊಳ್ಳಿ, ಒಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರ್ ಬ್ಯಾಂಡ್, ಚೈನಿಗೆ ಸಿಗದಿರಲಿ ಅಂತ. ದುಪಟ್ಟಾ ಮನೆಯಲ್ಲೇ ಇರಲಿ. ತೊಡೆಗಳು ಒಂದಕ್ಕೊಂದು ತಾಗುವವರು ಹೊರಡುವ ಮುಂಚೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಬೇಕು. ಬಂದ ತಕ್ಷಣ ಬೆವರಿನ ಬಟ್ಟೆ ಬದಲಿಸಿ, ತೊಳೆದು, ಮಡಿಕೆಗಳನ್ನು ಒಣಗಿಸಿಕೊಳ್ಳಬೇಕು. ಒದ್ದೆ ಬಟ್ಟೆಯಲ್ಲೇ ಅಡುಗೆಮನೆಗೆ ಹೋಗಿ ತಿಂಡಿ ಮಾಡಲು ನಿಲ್ಲುವ ಹೆಂಗಸರಿಗೆ ಬರುವ ತುರಿಕೆ ವಾರಗಟ್ಟಲೆ ಸೈಕಲ್ ಬಿಡಿಸುತ್ತದೆ. ತಿಂಡಿ ಹತ್ತು ನಿಮಿಷ ತಡವಾಗಲಿ, ಏನೂ ಆಗುವುದಿಲ್ಲ.

ಪಂಕ್ಚರ್ ವಿಷಯಕ್ಕೆ ಬರುತ್ತೇನೆ. ಹಿಂದಿನ ಚಕ್ರ ಪದೇ ಪದೇ ಇಳಿಯುತ್ತಿತ್ತು. ಟೈರಿನಲ್ಲಿ ಮೊಳೆ ಇಲ್ಲ, ಗಾಜು ಇಲ್ಲ. ಅರಳಿ ಮರದ ಕೆಳಗಿನ ಅಣ್ಣ ಟ್ಯೂಬ್ ಬಿಚ್ಚಿ, ಗಾಳಿ ಹೊಡೆದು, ಬೋಗುಣಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುತ್ತಾ ಹೋದರು. ಒಂದು ಕಡೆ ಗುಳ್ಳೆ ಎದ್ದವು. ಎರಡು ಎಳೆ, ಪಕ್ಕಪಕ್ಕದಲ್ಲೇ. ಟ್ಯೂಬ್ ಒರೆಸಿ ನನ್ನ ಕಣ್ಣ ಹತ್ತಿರ ಹಿಡಿದರು. ಅಕ್ಕಿಕಾಳಿನಷ್ಟು ಉದ್ದದ ಎರಡು ಸಣ್ಣ ಸೀಳು, ನಡುವೆ ಒಂದು ಬೆರಳಿನ ಅಂತರ. "ಚುಚ್ಚಿದ್ರೆ ಒಂದೇ ತೂತು ಆಗ್ತದೆ ಮೇಡಂ. ಎರಡಾದ್ರೆ ಗಾಳಿ ಕಮ್ಮಿ ಅಂತ. ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೂ ರೋಡಿಗೂ ಮಧ್ಯೆ ಸಿಕ್ಕಾಕ್ಕೊಂಡು ಎರಡೂ ಕಡೆ ಕಟ್ಟಾಗ್ತದೆ."

ಅಂಗಡಿಯಲ್ಲಿ ಎಲ್ಲರಿಗೂ ಹೊಡೆಯುವಷ್ಟೇ ಗಾಳಿ ಹೊಡೆದಿದ್ದರು. ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳಲ್ಲಿ ಎಷ್ಟರಿಂದ ಎಷ್ಟರವರೆಗೆ ಗಾಳಿ ಇರಬಹುದು ಅಂತ ಬರೆದಿರುತ್ತದೆ. ನನ್ನದರಲ್ಲಿ 50ರಿಂದ 75 ಪಿಎಸ್‌ಐ, ಅದು ಗಾಳಿಯ ಒತ್ತಡದ ಅಳತೆ. ನನ್ನಂಥವರು ಹಿಂದಿನ ಚಕ್ರಕ್ಕೆ ಮೇಲಿನ ಅಂಕಿಯ ಹತ್ತಿರ ಇಡಬೇಕು, ಮುಂದಿನದಕ್ಕೆ ಸ್ವಲ್ಪ ಕಡಿಮೆ. ಮೀಟರ್ ಇರುವ ಪಂಪ್ ಒಂದು ಮನೆಯಲ್ಲಿದ್ದರೆ ವಾರಕ್ಕೊಮ್ಮೆ ನೋಡಿಕೊಳ್ಳಬಹುದು, ಏಕೆಂದರೆ ಪಂಕ್ಚರ್ ಆಗದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಆಮೇಲೆ ಆ ಜೋಡಿ ಸೀಳು ನನ್ನ ಟ್ಯೂಬಿನಲ್ಲಿ ಮತ್ತೆ ಕಂಡಿಲ್ಲ. ಹೊಸ ಸೈಕಲ್ ಓಡಿಸಿದ ಕೆಲವು ವಾರಕ್ಕೆ ಕಡ್ಡಿಗಳು ಸಡಿಲ ಬೀಳುತ್ತವೆ, ಆಗ ಒಮ್ಮೆ ಬಿಗಿ ಮಾಡಿಸಿ ಬೆಂಡ್ ತೆಗೆಸಿದರೆ ಚಕ್ರ ಬಹಳ ಕಾಲ ಬಾಳುತ್ತದೆ.

ಮೈಸೂರು ಸಮತಟ್ಟು ಅಂತ ಸ್ಕೂಟರಿನವರು ಹೇಳುತ್ತಾರೆ. ಸೈಕಲ್ ಹತ್ತಿದವರಿಗೆ ಗೊತ್ತು, ಊರೆಲ್ಲ ಏರಿಳಿತವೇ. ಏರಿನಲ್ಲಿ ಹೊಸಬರೆಲ್ಲ ಮಾಡುವುದು ಒಂದೇ, ಗಟ್ಟಿ ಗೇರಿನಲ್ಲೇ ಹಲ್ಲು ಕಚ್ಚಿ ತುಳಿಯುವುದು. ಎದೆ ಬಡಿತ ಏರಿ, ಕೊನೆಗೆ ಸೈಕಲ್ಲಿಂದ ಇಳಿದು ತಳ್ಳಬೇಕಾಗುತ್ತದೆ. ಮುಂದಿನ ಚಿಕ್ಕ ಹಲ್ಲುಚಕ್ರ, ಹಿಂದಿನ ದೊಡ್ಡದು, ಇದು ಅತಿ ಹಗುರ ಗೇರ್. ಅದಕ್ಕೆ ಏರು ಶುರುವಾಗುವ ಮುಂಚೆಯೇ ಬರಬೇಕು. ಏರಿನ ನಡುವೆ ಬಲ ಹಾಕುತ್ತಾ ಗೇರ್ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ. ಕಾಲು ಬೇಗ ಬೇಗ ತಿರುಗಬೇಕು, ಆದರೆ ಹಗುರವಾಗಿ. ನಿಮಿಷಕ್ಕೆ ಅರವತ್ತು ಸುತ್ತಿನಿಂದ ಶುರುವಾಗಿ ಎಂಬತ್ತರ ಹತ್ತಿರ ಬಂದರೆ ಚೆನ್ನ. ವೇಗ ಹತ್ತು ಕಿಲೋಮೀಟರಿಗೆ ಇಳಿದರೂ ಪರವಾಗಿಲ್ಲ. ಪಕ್ಕದಲ್ಲಿ ಒಬ್ಬರು ಬಂದರೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಂದೊಂದೇ ಪದ ಹೊರಡುತ್ತಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು, ಇದರಲ್ಲಿ ಧೈರ್ಯ ತೋರಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ತುಳಿಯುವಾಗ ಸಕ್ಕರೆ ತೀರಾ ಇಳಿಯಬಹುದು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಮಾತ್ರೆಯ ಪ್ರಮಾಣದ ಬಗ್ಗೆ ಮೊದಲೇ ಕೇಳಿಕೊಳ್ಳಿ.

ತೂಕ ಇಳಿಸುವ ಮಾತನ್ನು ಇಷ್ಟು ಹೊತ್ತು ಎತ್ತದೆ ಇದ್ದದ್ದಕ್ಕೆ ಕಾರಣ ಇದೆ. ಆ ಒಂದು ಅಂಕಿಗೆ ಸೈಕಲ್ಲನ್ನು ಕಟ್ಟಿಹಾಕಿದವರು ಎರಡನೇ ತಿಂಗಳಿಗೆ ಸೋತುಹೋಗುತ್ತಾರೆ. ಲೆಕ್ಕ ನೋಡಿ. ಗಂಟೆಗೆ 16 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಒಂದು ಗಂಟೆ ತುಳಿದರೆ 95 ಕೆಜಿಯವರು ಸುಮಾರು 380 ಕ್ಯಾಲೊರಿ ಖರ್ಚು ಮಾಡುತ್ತಾರೆ. ಅದರಲ್ಲಿ ಕಾಲು ಭಾಗ ಸುಮ್ಮನೆ ಕೂತಿದ್ದರೂ ಖರ್ಚಾಗುವಂಥದ್ದು. ಒಂದು ಕೆಜಿ ಕೊಬ್ಬಿನಲ್ಲಿರುವುದು 7,700 ಕ್ಯಾಲೊರಿ. ಮನೆಗೆ ಬಂದ ಮೇಲೆ ಹಸಿವೂ ಜೋರು. ಒಂದು ಚಪಾತಿ ಜಾಸ್ತಿ, ಒಂದು ಲೋಟ ಸಕ್ಕರೆ ಹಾಕಿದ ಕಾಫಿ ಜಾಸ್ತಿ, ಅರ್ಧ ಅಲ್ಲಿಗೇ ವಾಪಸ್. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಲ್ಲಿ. ಅದು ಬೇರೆಯದೇ ಕೆಲಸ, ಅದಕ್ಕೆ ಬೇರೆಯದೇ ತಾಳ್ಮೆ ಬೇಕು.

ಹಾಗಾದರೆ ಸೈಕಲ್ ಏನು ಕೊಟ್ಟಿತು? ಕಾಲಿನ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್‌ಗೆ ಕಾಯದೆ ತಾವೇ ಎಳೆದುಕೊಳ್ಳುತ್ತವೆ. ನನ್ನ ಎಚ್‌ಬಿಎ1ಸಿ 6.3 ಇದ್ದದ್ದು 5.8ಕ್ಕೆ ಬಂತು. ಅದು ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಹಿಂದಿನ ದಿನ ಉಪವಾಸ ಇದ್ದು ಮೋಸ ಮಾಡಲು ಆಗುವುದಿಲ್ಲ. ಬಿಪಿ ಮಾತ್ರೆಯ ಡೋಸ್ ಅನ್ನು ಡಾಕ್ಟರು ಅರ್ಧ ಮಾಡಿದರು. ರಾತ್ರಿ ಮಲಗಿದರೆ ಬೆಳಗ್ಗೆಯೇ ಎಚ್ಚರ. ತರಕಾರಿ ಚೀಲ ಹಿಡಿದು ಎರಡನೇ ಮಹಡಿ ಹತ್ತುವಾಗ ಮಧ್ಯೆ ನಿಲ್ಲುತ್ತಿದ್ದವಳು ಈಗ ನಿಲ್ಲುವುದಿಲ್ಲ. ಮೊದಲ ವರ್ಷ ಮುಗಿದಾಗ ತೂಕ ಐದು ಕೆಜಿ ಇಳಿದಿತ್ತು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಹದವಾದ ದುಡಿಮೆ. ಆ ಮಾತಿನಲ್ಲಿ ಎಲ್ಲಿಯೂ ಮೊದಲು ತೂಕ ಇಳಿಸಿಕೊಂಡು ಬನ್ನಿ ಅಂತಿಲ್ಲ. 150 ಆಗದವರಿಗೆ ಎಷ್ಟಾದರೆ ಅಷ್ಟೂ ಲಾಭವೇ ಅಂತ 2020ರ ಅವರ ಮಾರ್ಗಸೂಚಿಯೇ ಹೇಳುತ್ತದೆ.

ಜನರ ಮಾತು ಇದ್ದೇ ಇರುತ್ತದೆ. "ಏನಮ್ಮಾ, ಈ ವಯಸ್ಸಲ್ಲಿ ಸೈಕಲ್ಲಾ? ಮನೇಲಿ ಗಾಡಿ ಇಲ್ವಾ?" ಅಂತ ಜಗಲಿಯಲ್ಲಿ ಕೂತು ಪೇಪರ್ ಓದುವ ಹಿರಿಯರು ಕೇಳಿದರು. ಬೈಕಿನ ಹುಡುಗರು ಪಕ್ಕದಲ್ಲೇ ಬಂದು ಕೂಗಿ ಹೋದದ್ದೂ ಇದೆ. ಆ ದಿನ ಕಣ್ಣಲ್ಲಿ ನೀರು ಬಂತು. ದಪ್ಪಗಿರುವ ಹೆಂಗಸು ಮನೆಯಲ್ಲಿ ಕೂತರೂ ಮಾತು, ಮೈ ಬಗ್ಗಿಸಲು ಹೊರಗೆ ಬಂದರೂ ಮಾತು. ಇದು ತಪ್ಪು. ನೀವು ಯಾರಾದರೂ ಇಂಥವರನ್ನು ರಸ್ತೆಯಲ್ಲಿ ಕಂಡರೆ ದಯವಿಟ್ಟು ದಾರಿ ಬಿಟ್ಟು, ಅಂತರ ಇಟ್ಟು, ನಿಮ್ಮ ಪಾಡಿಗೆ ಹೋಗಿ. ಹುರಿದುಂಬಿಸುವ ಮಾತೂ ಬೇಡ.

2006-07ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು. ಹಳ್ಳಿ ದಾರಿಗಳಲ್ಲಿ ಸಾಲಾಗಿ ಹೋಗುವ ಹುಡುಗಿಯರನ್ನು ನೋಡುವುದೇ ಒಂದು ಸಂಭ್ರಮವಾಗಿತ್ತು. ಆ ಮೊದಲ ಸಾಲಿನ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಎಷ್ಟು ಜನ ಈಗಲೂ ಸೈಕಲ್ ಹತ್ತುತ್ತಾರೆ? ತುಳಿಯಲು ಬರುವ ಕಾಲುಗಳು ಮದುವೆಯಾದ ಮೇಲೆ ಸ್ಕೂಟರಿನ ಹಿಂದಿನ ಸೀಟಿಗೆ ಹೋಗಿಬಿಡುತ್ತವೆ. ನನಗೆ ಇದು ಬಹಳ ಕಾಡುವ ಸಂಗತಿ.

ನಮ್ಮ ಎದುರು ಮನೆಯಾಕೆ ನನಗಿಂತ ಏಳೆಂಟು ವರ್ಷ ಚಿಕ್ಕವಳು, ಮೈಕಟ್ಟು ನನ್ನದೇ ಥರ. ಅವಳು ಸೈಕಲ್ ಕಲಿತೇ ಇಲ್ಲ. "ಅಕ್ಕ, ನಂಗೂ ಕಲ್ಸ್ತೀರಾ? ಬಿದ್ರೆ ಎತ್ತೋಕೂ ಆಗಲ್ಲ ನನ್ನ," ಅಂದಳು. ಬೀಳದ ಹಾಗೆ ಕಲಿಸುವ ದಾರಿ ಇದೆ. ಹಿಂದಿನಿಂದ ಯಾರೂ ಹಿಡಿದುಕೊಂಡು ಓಡಬೇಕಿಲ್ಲ. ಎರಡೂ ಪೆಡಲ್ ಬಿಚ್ಚಿ, ಸೀಟನ್ನು ಪಾದ ಪೂರ್ತಿ ಊರುವಷ್ಟು ಇಳಿಸಿ, ಕೂತುಕೊಂಡೇ ಕಾಲಲ್ಲಿ ನೆಲ ತಳ್ಳುತ್ತಾ ಹೋಗುವುದು. ಸೀಟು ಕೆಳಗಿರಬೇಕಾದ್ದು ಈ ಒಂದು ಕೆಲಸಕ್ಕೆ ಮಾತ್ರ. ಬ್ಯಾಲೆನ್ಸ್ ಬಂದು, ಎರಡೂ ಕಾಲೆತ್ತಿ ಹತ್ತು ಮಾರು ಜಾರಿಕೊಂಡು ಹೋಗಲು ಆದ ಮೇಲೆ ಪೆಡಲ್. ಬಿಚ್ಚುವಾಗ ಒಂದು ನೆನಪಿರಲಿ, ಎಡಗಡೆ ಪೆಡಲ್ಲಿನ ತಿರುಪಿನ ಸುತ್ತು ಉಲ್ಟಾ ಇರುತ್ತದೆ, ಎಲ್ಲ ನಟ್ಟಿನ ಹಾಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ.

ಭಾನುವಾರ ಬೆಳಗ್ಗೆ ಹತ್ತಿರದ ಸ್ಕೂಲಿನ ಮೈದಾನ ಖಾಲಿ ಇರುತ್ತದೆ, ಅಲ್ಲಿಗೆ ಹೋಗುತ್ತಿದ್ದೇವೆ. ಕಾಲೆತ್ತಿ ಜಾರುವುದು ಅವಳಿಗೆ ಬಂದಿದೆ, ತಿರುಗಿಸುವಾಗ ಮಾತ್ರ ಕಾಲು ಊರುತ್ತಾಳೆ. ಬರುವ ವಾರ ಬಲಗಡೆ ಪೆಡಲ್ ಒಂದನ್ನು ಹಾಕಿ ನೋಡುವುದು ಅಂತ ಮಾತಾಡಿಕೊಂಡಿದ್ದೇವೆ. ಪ್ಯಾಡಿನ ಚಡ್ಡಿಯನ್ನು ಅವಳು ಆಗಲೇ ತರಿಸಿಟ್ಟುಕೊಂಡಿದ್ದಾಳೆ.